ಹೆಚ್ಚಿಗೆ ತಂದ ಅಕ್ಕಿ

ಆಯ್ದಕ್ಕಿ ಎಂಬ ಮಾತಿಗೆ ನಿಘಂಟು ಬೇಕಿಲ್ಲ. ಆಯ್ದು ತಂದ ಅಕ್ಕಿ, ಅಷ್ಟೆ. ಆದರೆ ಗಂಡಹೆಂಡಿರಿಬ್ಬರಿಗೆ ಅದೇ ಹೆಸರಾಗಿ ನಿಂತಿರುವುದನ್ನು ನೆನೆದಾಗಲೆಲ್ಲ ನನಗೆ ಸೋಜಿಗವಾಗುತ್ತದೆ. ಕೆಲವರು ಹುಟ್ಟಿದ ಊರಿನಿಂದ, ಕೆಲವರು ಏರಿದ ಪದವಿಯಿಂದ ಹೆಸರು ಪಡೆದಾರು. ಇವರು ಅಂಗಳದಲ್ಲಿ ಚೆಲ್ಲಿದ ಕಾಳಿನಿಂದ ಹೆಸರಾದರು.

ಮಾರಯ್ಯ, ಲಕ್ಕಮ್ಮ ಇಬ್ಬರೂ ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದವರು. 12ನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಬಂದು ನೆಲಸಿದರು. ಕಲ್ಯಾಣವೇನೂ ಬಡ ಊರಲ್ಲ. ಚಾಲುಕ್ಯರ ರಾಜಧಾನಿಯಾಗಿದ್ದು ಆಮೇಲೆ ಕಳಚುರಿ ಬಿಜ್ಜಳನ ಕೈಸೇರಿದ ಪಟ್ಟಣ. ಅಯ್ಯಾವೊಳೆಯ ಐನೂರ್ವರೆಂಬ ವರ್ತಕರು ಕುದುರೆ, ಆನೆ, ರತ್ನ, ಗಂಧ, ಕರ್ಪೂರಗಳನ್ನು ನಾಡಿಂದ ನಾಡಿಗೆ ಸಾಗಿಸುತ್ತಿದ್ದ ಕಾಲ ಅದು. ಕೊಳ್ಳುವ ಚಪಲ ನಮ್ಮ ಶತಮಾನದಲ್ಲೇ ಹುಟ್ಟಿತೆಂದು ತಿಳಿಯುವವರು ಆ ಶಾಸನಗಳನ್ನೊಮ್ಮೆ ನೋಡಬೇಕು.

ಅಂಥ ಊರಿನಲ್ಲಿ ಮಾರಯ್ಯನ ಕಾಯಕವೆಂದರೆ, ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವುದು. ಲಕ್ಕಮ್ಮ ಅದನ್ನು ಬೇಯಿಸಿ ಜಂಗಮರಿಗೆ ಬಡಿಸಿ, ಉಳಿದುದನ್ನು ತಾವು ಉಣ್ಣುವುದು. ಒಂದು ದಿನ ಮಾರಯ್ಯ ಮಾತಿನಲ್ಲಿ ಮೈಮರೆತು ಕುಳಿತಾಗ, ಕಾಯಕದ ಹೊತ್ತು ಮೀರಿತೆಂದು ಎಬ್ಬಿಸಿ ಕಳುಹಿಸಿದವಳೂ ಅವಳೇ. ಹೋದವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಮನೆಯಲ್ಲಿ ಕಾಳು ಹೆಚ್ಚಾದರೆ ಯಾವ ಗೃಹಿಣಿ ಬೇಡವೆನ್ನುತ್ತಾಳೆ? ಲಕ್ಕಮ್ಮ ಬೇಡವೆಂದಳು. ಇದು ನಿಮ್ಮ ಮನಸ್ಸಿನ ಆಸೆಯೋ ಬಸವಣ್ಣನವರ ಮನಸ್ಸಿನ ಅನುಮಾನವೋ ಎಂದು ಕೇಳಿ, ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಹೆಚ್ಚಿಗೆ ಬಯಸುವುದು ಅರಸರ ಲಕ್ಷಣ, ನಮ್ಮಂಥವರದಲ್ಲ ಎಂಬುದು ಅವಳ ವಾದದ ಸಾರ.

ಈ ಪ್ರಸಂಗ ವಿಸ್ತಾರವಾಗಿ ಬರುವುದು 15ನೆಯ ಶತಮಾನದಲ್ಲಿ ಸಂಕಲನಗೊಂಡ ಶೂನ್ಯಸಂಪಾದನೆಯಲ್ಲಿ. ಘಟನೆಗೂ ಬರಹಕ್ಕೂ ನಡುವೆ ಇನ್ನೂರು ವರ್ಷಕ್ಕೂ ಮೇಲ್ಪಟ್ಟ ಅಂತರ. ಅದೇ ಅಕ್ಕಿಯಲ್ಲಿ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರು ಉಂಡರೆಂಬ ಪವಾಡವನ್ನು ಇತಿಹಾಸವೆಂದು ನಾನು ಒಪ್ಪಲಾರೆ. ಆದರೆ ಲಕ್ಕಮ್ಮನ ವಚನಗಳು ಬೇರೆಯಾಗಿ ಉಳಿದಿವೆ. ಮಾರಯ್ಯಪ್ರಿಯ ಅಮರೇಶ್ವರಲಿಂಗ ಎಂಬ ಅಂಕಿತದಲ್ಲಿ ಗಂಡನ ಹೆಸರನ್ನಿಟ್ಟುಕೊಂಡೇ ಗಂಡನನ್ನು ತಿದ್ದುವ ಆ ದಿಟ್ಟತನ ಅಲ್ಲಿಯೂ ಅದೇ.

ಈ ಕಥೆಯನ್ನು ವೇದಿಕೆಯ ಮೇಲೆ ಕೇಳಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಹೊಟ್ಟೆ ತುಂಬಿದವರು ಹಸಿದವರಿಗೆ ಇದ್ದುದರಲ್ಲೇ ತೃಪ್ತಿಪಡಿರೆಂದು ಉಪದೇಶಿಸಲು ಲಕ್ಕಮ್ಮನನ್ನು ಕರೆತರುತ್ತಾರೆ. ಅದು ಅವಳಿಗೆ ಮಾಡುವ ಅನ್ಯಾಯ. ಅವಳು ಹಸಿವನ್ನು ಹೊಗಳಲಿಲ್ಲ. ಅವಳ ಮನೆಯಲ್ಲಿ ದಿನವೂ ಒಲೆ ಉರಿಯುತ್ತಿತ್ತು, ಅತಿಥಿಗೆ ಎಡೆ ಬೀಳುತ್ತಿತ್ತು. ಬೇಡವೆಂದದ್ದು ನಾಳೆಯ ಕೂಡಿಡುವಿಕೆಯನ್ನು. ಬೇಡವೆನ್ನುವ ಹಕ್ಕೂ ಅವಳದಾಗಿತ್ತು, ಬೇರೆಯವರು ಅವಳ ಪರವಾಗಿ ಹೇಳಿದ್ದಲ್ಲ. ಆ ಮಾತು ಸಲ್ಲಬೇಕಾದದ್ದು ಕಂತಿನ ಮೇಲೆ ತಂದ ದೂರದರ್ಶನ ಪೆಟ್ಟಿಗೆಯ ಸಾಲ ತೀರುವ ಮೊದಲೇ ಇನ್ನೂ ದೊಡ್ಡದಕ್ಕೆ ಅಂಗಡಿ ಹತ್ತುವ ನಮ್ಮಂಥವರಿಗೆ.

ಲಕ್ಕಮ್ಮನಂಥವರ ಮಾತು ಅಚ್ಚಾಗಿ ನಮ್ಮ ಕೈಸೇರಿದ್ದು ಹೇಗೆಂಬುದೂ ಇಲ್ಲಿ ಹೇಳತಕ್ಕದ್ದೇ. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆ, ಮಠಮಠ ಅಲೆದು ತಾಳೆಯೋಲೆಗಳನ್ನು ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ ಹೊರಬಂತು, 1926ರಲ್ಲಿ ‘ಶಿವಾನುಭವ’ ಪತ್ರಿಕೆ. ವಕೀಲಿಯಲ್ಲಿ ಅವರು ಬೇಕಾದಷ್ಟು ಗಳಿಸಬಹುದಿತ್ತು. ಅವರು ಇದ್ದ ಸ್ವಂತ ಮನೆಯನ್ನೂ ಮಾರಿ ಹಿತಚಿಂತಕ ಮುದ್ರಣಾಲಯವನ್ನು ಹಾಕಿದರು, ತಾವು ಬಾಡಿಗೆಯ ಮನೆಗೆ ಹೋದರು.