ಬಡಗುತಿಟ್ಟಿನ ಮದ್ದಳೆಗಾರ: ಒಂದು ವೃತ್ತಿಯ ಇತಿಹಾಸ

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಬಡಗುತಿಟ್ಟು ಯಕ್ಷಗಾನದಲ್ಲಿ ಕುಣಿದು ಮಾತನಾಡುವ ವೇಷಧಾರಿಗಳ ಸಮೂಹಕ್ಕೆ ಮುಮ್ಮೇಳವೆಂದೂ, ಅವರ ಬೆನ್ನಿಗೆ ಕುಳಿತು ಹಾಡಿ ನುಡಿಸುವವರಿಗೆ ಹಿಮ್ಮೇಳವೆಂದೂ ಹೆಸರು. ಹಿಮ್ಮೇಳದಲ್ಲಿ ಪದ್ಯ ಹಾಡಿ ಆಟವನ್ನು ನಡೆಸುವ ಭಾಗವತ, ಮದ್ದಳೆಗಾರ, ಚಂಡೆಗಾರ ಮತ್ತು ಹಿಂದಿನ ಕಾಲದಲ್ಲಿ ಪುಂಗಿಯಲ್ಲಿ, ಅನಂತರ ಹಾರ್ಮೋನಿಯಂನಲ್ಲಿ ಶ್ರುತಿ ಹಿಡಿಯುವವನು ಇರುತ್ತಾರೆ. ಭಾಗವತನನ್ನು ಮೇಳದ ಮೊದಲ ವೇಷವೆಂದೇ ಗೌರವಿಸುವ ಪರಂಪರೆ ಇಲ್ಲಿದೆ. ಅವನ ಪಕ್ಕದಲ್ಲಿ ರಾತ್ರಿಯಿಡೀ ಕುಳಿತು ಆಟದ ಲಯವನ್ನು ಹೊತ್ತ ಮದ್ದಳೆಗಾರನಿಗೆ ಮಾತ್ರ ಚರಿತ್ರೆಯ ಬರಹಗಳಲ್ಲಿ ಸಿಕ್ಕ ಜಾಗ ಬಹಳ ಕಡಿಮೆ.

ವಾದ್ಯದ ಹಳಮೆಗೆ ಆಧಾರಗಳ ಕೊರತೆಯಿಲ್ಲ. ಬಳ್ಳಾರಿ ಜಿಲ್ಲೆಯ ಕುರುಗೋಡಿನ ಕಡೆಯ 1556ರ ಶಾಸನದಲ್ಲಿ ತಾಳಮದ್ದಳೆಯ ಉಲ್ಲೇಖವಿದ್ದು, ವೇಷಭೂಷಣವಿಲ್ಲದೆಯೂ ನಡೆಯಬಲ್ಲ ಈ ಕಲೆಯು ತಾಳ ಮತ್ತು ಮದ್ದಳೆಯಿಲ್ಲದೆ ನಡೆಯದು ಎಂಬುದನ್ನು ಆ ಹೆಸರೇ ಸಾರುತ್ತದೆ. ಮದ್ದಳೆಯ ಜೊತೆಗೆ ಹಾಡುವ ಪದ್ಯಕಥೆಗಳಾದ ಪ್ರಸಂಗಗಳೂ ಅಷ್ಟೇ ಹಳೆಯವು: ಬ್ರಹ್ಮಾವರದ ಹಳೆಯ ಹೆಸರಾದ ಅಜಪುರದ ಕವಿ ವಿಷ್ಣುವಿನ ವಿರಾಟಪರ್ವ ಪ್ರಸಂಗದ ತಾಳೆಗರಿಯ ಪ್ರತಿಯನ್ನು ವಿದ್ವಾಂಸರು 1564ರ ಕಾಲಕ್ಕೆ ಸೇರಿಸುತ್ತಾರೆ.

ಮದ್ದಳೆಗಾರನ ಕೆಲಸವನ್ನು ಪಕ್ಕವಾದ್ಯವೆಂದು ಕರೆದು ಸುಮ್ಮನಾಗುವುದು ಸರಿಯಲ್ಲ. ಭಾಗವತನು ಏಕ, ರೂಪಕ, ಝಂಪೆ, ತ್ರಿವುಡೆ, ಅಷ್ಟ, ಮಟ್ಟೆ ಮೊದಲಾದ ತಾಳಗಳಲ್ಲಿ ಪದ್ಯವನ್ನೆತ್ತಿದಾಗ ಅದರ ನಡೆಯನ್ನು ಹಿಡಿದು ನಿಲ್ಲಿಸುವುದು, ಪದ್ಯದ ಸಾಲುಗಳ ನಡುವೆ ಕುಣಿತಕ್ಕಾಗಿ ನುಡಿಸುವ ಬಿಡ್ತಿಗೆಗಳನ್ನು ವೇಷಧಾರಿಯ ಕಾಲಿನ ಶಕ್ತಿ ನೋಡಿ ಹಿಗ್ಗಿಸುವುದು ಅಥವಾ ಕುಗ್ಗಿಸುವುದು, ಎಲ್ಲರನ್ನೂ ಒಂದೇ ಪೆಟ್ಟಿಗೆ ತಂದು ಮುಕ್ತಾಯ ಕೊಡುವುದು, ಇವೆಲ್ಲವೂ ಅವನ ಹೊಣೆ. ಅವನ ಒಂದು ಕಿವಿ ಭಾಗವತನ ಕಡೆಗೂ ಎರಡೂ ಕಣ್ಣು ವೇಷಧಾರಿಯ ಹೆಜ್ಜೆಯ ಕಡೆಗೂ ಇರಬೇಕು. ಬ್ರಹ್ಮಾವರದ ಆಸುಪಾಸಿನ ಹಾರಾಡಿ ಮತ್ತು ಮಟಪಾಡಿ ಎಂಬ ಎರಡು ಊರುಗಳ ಹೆಸರಿನಲ್ಲಿ ಬೆಳೆದ ಕುಣಿತದ ಶೈಲಿಗಳಿಗೆ ಹಾರಾಡಿ ರಾಮ ಗಾಣಿಗ, ಮಟಪಾಡಿ ವೀರಭದ್ರ ನಾಯಕರಂಥವರು ಕೀರ್ತಿ ತಂದರೆಂಬುದು ನಿಜ. ಆದರೆ ಆ ಹೆಜ್ಜೆಗಳಿಗೆ ತಕ್ಕ ನುಡಿತವನ್ನು ಬೆರಳಿನಲ್ಲಿ ಇಟ್ಟುಕೊಂಡವರಿಲ್ಲದೆ ಆ ಶೈಲಿಗಳು ಒಂದು ತಲೆಮಾರನ್ನೂ ದಾಟುತ್ತಿರಲಿಲ್ಲ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಕಾಮತರ ಮನೆತನ ಕಾಪಾಡಿಕೊಂಡು ಬಂದ ಸೂತ್ರದ ಗೊಂಬೆಯಾಟದಲ್ಲಿ ಮರದ ಗೊಂಬೆಗಳೂ ಇದೇ ಹಿಮ್ಮೇಳದ ಲಯಕ್ಕೇ ಕುಣಿಯುತ್ತವೆ.

ಈ ವಿದ್ಯೆ ಬಾಯಿತಾಳದಿಂದ, ಅಂದರೆ ವಾದ್ಯದ ಪೆಟ್ಟುಗಳನ್ನು ಅಕ್ಷರಗಳಾಗಿ ಬಾಯಲ್ಲಿ ಹೇಳಿ ಕೈಯಲ್ಲಿ ತಾಳ ಹಾಕುವ ಕ್ರಮದಿಂದ, ಕಲಿತು ಬಂದದ್ದು. ನವರಾತ್ರಿಯಲ್ಲಿ ಸಣ್ಣ ಹುಡುಗರು ಭಾಗವತ ಮತ್ತು ಮದ್ದಳೆಗಾರರೊಂದಿಗೆ ಮನೆಮನೆಗೆ ಹೋಗಿ ಪ್ರಸಂಗದ ತುಣುಕುಗಳನ್ನು ನುಡಿಯುವ ಹೂವಿನಕೋಲು ಅನೇಕರಿಗೆ ಮೊದಲ ಶಾಲೆಯಾಗಿತ್ತು. ಮೇಳ ಸೇರಿದ ಮೇಲೆ ಎಳೆಯನು ಮುಖ್ಯ ಮದ್ದಳೆಗಾರನ ಜೊತೆಗೆ ಒತ್ತು ಮದ್ದಳೆ ಬಾರಿಸುತ್ತ, ಮಂದಾರ್ತಿ, ಮಾರಣಕಟ್ಟೆ, ಸೌಕೂರು, ಅಮೃತೇಶ್ವರಿಯಂಥ ಕ್ಷೇತ್ರಗಳ ಮೇಳಗಳಲ್ಲಿ ಭಕ್ತರು ಹೇಳಿಕೊಂಡು ಆಡಿಸುವ ಹರಕೆಯಾಟಗಳ ತಿರುಗಾಟದಲ್ಲಿ ಪಳಗುತ್ತಿದ್ದನು. ಹೊಸ ವೇಷಧಾರಿಗೆ ಹೆಜ್ಜೆ ತಿದ್ದುವವನೂ ಹೆಚ್ಚಿನ ಸಲ ಮದ್ದಳೆಗಾರನೇ. ರಷ್ಯಾದ ಸಂಗೀತ ಮತ್ತು ನೃತ್ಯ ಶಾಲೆಗಳಲ್ಲಿ ಕೊನ್ಸರ್ಟ್‌ಮೈಸ್ಟರ್ ಎಂದು ಕರೆಯಲಾಗುವ ಪಿಯಾನೊ ವಾದಕನು ಗಾಯಕನಿಗೆ ಜೊತೆ ನುಡಿಸುವುದರ ಜೊತೆಗೆ ಅವನಿಗೆ ಪಾಠವನ್ನೂ ಸಿದ್ಧಮಾಡಿಸುತ್ತಾನೆ. ಕರಾವಳಿಯ ಮದ್ದಳೆಗಾರನು ಯಾವ ಶಾಲೆಯ ಹುದ್ದೆಯೂ ಇಲ್ಲದೆ ಇದೇ ಎರಡು ಕೆಲಸ ಮಾಡಿಕೊಂಡು ಬಂದವನು.

ಇಪ್ಪತ್ತನೆಯ ಶತಮಾನದಲ್ಲಿ ಈ ವೃತ್ತಿಯ ಘನತೆಯನ್ನು ಎತ್ತಿದವರಲ್ಲಿ ಹಿರಿಯಡಕ ಗೋಪಾಲರಾಯರ (1919–2020) ಹೆಸರು ಮುಂದೆ ನಿಲ್ಲುತ್ತದೆ. ಇಳಿ ಶ್ರುತಿಯ ಮದ್ದಳೆ ಬಳಕೆಯಲ್ಲಿದ್ದ ಕಾಲದಲ್ಲಿ, ಏರಿದ ಶ್ರುತಿಯಲ್ಲಿ ಹಾಡುವ ಭಾಗವತನ ಕಂಠಕ್ಕೆ ಹೊಂದುವ ಏರು ಮದ್ದಳೆಯನ್ನು ರಂಗಕ್ಕೆ ತಂದ ಹಿರಿಮೆ ಅವರದು. ಕೋಟ ಶಿವರಾಮ ಕಾರಂತರ ಯಕ್ಷಗಾನ ಪ್ರಯೋಗಗಳಲ್ಲೂ, 1971ರಲ್ಲಿ ಆರಂಭವಾದ ಉಡುಪಿಯ ಯಕ್ಷಗಾನ ಕೇಂದ್ರದಲ್ಲೂ ಅವರು ದುಡಿದರು. ಅಮೆರಿಕದ ವಿದ್ವಾಂಸೆ ಮಾರ್ಥಾ ಆಷ್ಟನ್ ಬಡಗುತಿಟ್ಟನ್ನು ಅಭ್ಯಾಸ ಮಾಡಿದ್ದೂ ಅವರ ನೆರವಿನಿಂದಲೇ. ಮೇಳದ ಕಲಾವಿದನೊಬ್ಬ ಹೀಗೆ ವಿದ್ವಾಂಸರಿಗೂ ಗುರುವಾದದ್ದು ಹಿಮ್ಮೇಳದ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ.

ಸಾಲಿಗ್ರಾಮ, ಪೆರ್ಡೂರು ಮೇಳಗಳು ಟಿಕೆಟ್ಟಿನ ಡೇರೆ ಆಟಗಳಿಗೆ ಇಳಿದ ಮೇಲೆ, ಧ್ವನಿವರ್ಧಕದ ಬಲದಿಂದ ಹಾಡುಗಾರಿಕೆಯೇ ಆಕರ್ಷಣೆಯ ಕೇಂದ್ರವಾಯಿತು. 1990ರಲ್ಲಿ ಅಪಘಾತದಲ್ಲಿ ತೀರಿಕೊಂಡ ಭಾಗವತ ಗುಂಡ್ಮಿ ಕಾಳಿಂಗ ನಾವಡರ ಕಂಠದ ಮೋಡಿ ಆ ಕಾಲದ ದೊಡ್ಡ ಸಂಗತಿ. ಅವರ ರಾಗವಿಸ್ತಾರ ಮತ್ತು ಲಯದ ಏರಿಳಿತಕ್ಕೆ ಒಗ್ಗುವ ಮದ್ದಳೆಯೂ ಬೆಳೆಯಿತು. ಆದರೆ ಚಂಡೆಯ ಅಬ್ಬರ ಹೆಚ್ಚಿದಂತೆ ಮದ್ದಳೆಯ ಸೂಕ್ಷ್ಮ ನುಡಿತ ಕೇಳುಗರ ಕಿವಿಗೆ ತಲುಪುವುದು ಕಡಿಮೆಯಾದದ್ದು ನಿಜವಾದ ನಷ್ಟವಾಗಿದೆ.

ಪ್ರಸಂಗಗಳು ಅಚ್ಚಾಗಿವೆ, ಭಾಗವತರ ಹಾಡುಗಳು ಧ್ವನಿಮುದ್ರಣವಾಗಿವೆ, ವೇಷಗಳ ಚಿತ್ರಗಳು ಗ್ರಂಥಗಳಲ್ಲಿವೆ. ಹಳೆಯ ಮದ್ದಳೆಗಾರರ ಬಾಯಿತಾಳ ಮತ್ತು ಬಿಡ್ತಿಗೆಗಳಿಗೆ ಮಾತ್ರ ಅಷ್ಟು ಕಾಳಜಿ ಸಂದಿಲ್ಲ. ಅವನ್ನು ಬಲ್ಲ ಹಿರಿಯರು ಇರುವಾಗಲೇ ಮೇಳಗಳೂ ವಿದ್ಯಾಸಂಸ್ಥೆಗಳೂ ಊರೂರಿನ ಅಭಿಮಾನಿಗಳೂ ಅವನ್ನು ಕೇಳಿ, ಬರೆದು, ಮುದ್ರಿಸಿಡಬೇಕು.