ತರಬೇತಿ ವೈದ್ಯರ ನಿದ್ರೆ: ಕೋವಿಡ್ ಕಾಲ

ಕೋವಿಡ್ ಅವಧಿಯಲ್ಲಿ ಹೌಸ್ ಸರ್ಜನ್ನರು ಹಾಗೂ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳ ನಿದ್ರೆ ಹಲವು ಕಡೆ ಹದಗೆಟ್ಟಿತು. ನಿದ್ರೆಯ ಗುಣವನ್ನು ಅಳೆಯಲು ಹೆಚ್ಚಾಗಿ ಬಳಸುವುದು 1989ರ ಪಿಟ್ಸ್‌ಬರ್ಗ್ ಸೂಚ್ಯಂಕ. ಹಿಂದಿನ ಒಂದು ತಿಂಗಳ ಕುರಿತ 19 ಪ್ರಶ್ನೆಗಳಿಗೆ ಒಟ್ಟು 21 ಅಂಕ. 5 ದಾಟಿದರೆ ನಿದ್ರೆ ಕಳಪೆ. ಡ್ಯೂಟಿ ದಿನಕ್ಕೊಂದು ಬಗೆಯಾಗಿರುವವರಿಗೆ ‘ಸಾಮಾನ್ಯವಾಗಿ ಎಷ್ಟು ಗಂಟೆಗೆ ಮಲಗುತ್ತೀರಿ’ ಎಂಬ ಪ್ರಶ್ನೆಯೇ ಅಷ್ಟಾಗಿ ಒಗ್ಗುವುದಿಲ್ಲ.

ರಾತ್ರಿ ಪಾಳಿಯ ಬೆಳಕು ನಿದ್ರೆಗೆ ನೆರವಾಗುವ ಮೆಲಟೋನಿನ್ ಹಾರ್ಮೋನಿನ ಸ್ರಾವವನ್ನು ತಗ್ಗಿಸುತ್ತದೆ. ಹಗಲಿನ ನಿದ್ರೆ ಹಗುರವಾಗಿರುತ್ತದೆ. ಇದರ ಜೊತೆಗೆ ಕೋವಿಡ್ ಕಾಲದಲ್ಲಿ ಪಿಪಿಇ ಕಿಟ್ ತೊಟ್ಟರೆ ಪಾಳಿ ಮುಗಿಯುವವರೆಗೆ ನೀರಿರಲಿಲ್ಲ, ಶೌಚವಿರಲಿಲ್ಲ. ಮನೆಯವರಿಗೆ ಸೋಂಕು ತಗಲೀತೆಂಬ ಅಂಜಿಕೆ ಬೇರೆ.

ದಾವಣಗೆರೆ ಜಿಲ್ಲೆಯ ನ್ಯಾಮತಿ, ಹೊನ್ನಾಳಿ ಭಾಗದ ಗಂಭೀರ ರೋಗಿಗಳಿಗೆ ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆ ಇಲ್ಲವೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೇ ಆಸರೆ. ಎರಡರಲ್ಲೂ ವಾರ್ಡಿನ ದುಡಿಮೆಯ ದೊಡ್ಡ ಪಾಲು ತರಬೇತಿ ವೈದ್ಯರದು. ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನ ತರಬೇತಿ ವೈದ್ಯರು 2020ರಲ್ಲಿ ಬಾಕಿ ಶಿಷ್ಯವೇತನಕ್ಕಾಗಿ ಧರಣಿ ಕೂತರು. ದಣಿವಿನ ಮೇಲೆ ಹಣದ ಚಿಂತೆಯೂ ಸೇರಿತ್ತು.

ಎರಡನೇ ಅಲೆಯ ಹೊತ್ತಿಗೆ ಕೈಗಳೇ ಕಡಿಮೆಯಾದವು. 2021ರ ಏಪ್ರಿಲ್ 18ಕ್ಕಿದ್ದ ಸ್ನಾತಕೋತ್ತರ ಪ್ರವೇಶದ ನೀಟ್-ಪಿಜಿ ಪರೀಕ್ಷೆ ಸೆಪ್ಟೆಂಬರ್ 11ಕ್ಕೆ ಹೋಯಿತು, ಕೌನ್ಸೆಲಿಂಗ್ 2022ರ ಜನವರಿವರೆಗೆ ಎಳೆಯಿತು. ಹೊಸ ತಂಡ ಬಾರದೆ ಹಳಬರೇ ಪಾಳಿ ತುಂಬಬೇಕಾಯಿತು.

ಸ್ನಾತಕೋತ್ತರ ತರಬೇತಿ ವೈದ್ಯರಿಗೆ ಸಾಮಾನ್ಯವಾಗಿ ವಾರಕ್ಕೆ 48 ಗಂಟೆ, ಒಮ್ಮೆಗೆ 12 ಗಂಟೆ ಮೀರದ ಕೆಲಸ ಎಂಬ ಕೇಂದ್ರದ ನಿರ್ದೇಶನ 1992ರಷ್ಟು ಹಳೆಯದು. ಪಾಲನೆ ಮಾತ್ರ ಅಪರೂಪ. ಪಾಳಿಯ ನಡುವಿನ ಕಿರುನಿದ್ರೆ ಮತ್ತು ಬೆಳಗು, ಸಂಜೆ, ರಾತ್ರಿ ಎಂಬ ಕ್ರಮದಲ್ಲಿ ಸಾಗುವ ಪಾಳಿಪಟ್ಟಿ ದಣಿವನ್ನು ಕೊಂಚ ತಗ್ಗಿಸುತ್ತವೆ.