ನರಸಾಪುರದ ಲೇಸು, ಬಿಡುವಿನ ಲೆಕ್ಕ

ಒಂದು ವಾರ ರಜೆ ಹಾಕಿ ಹೈದರಾಬಾದಿನ ಮನೆಯಲ್ಲೇ ಇದ್ದೆ. ಸ್ವೆಟರ್ ಹೆಣೆದೆ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ನರಸಾಪುರದಲ್ಲಿ ಲೇಸು ಹೆಣೆಯುವ ಹೆಂಗಸರ ಬಗ್ಗೆ ಬರೆದು 1982ರಲ್ಲಿ ಪ್ರಕಟಿಸಿದ ಪುಸ್ತಕ ಓದಿದೆ. ಉಲ್ಲನ್ ಉಂಡೆ ಉರುಳಿಸುವ ಕೆಲಸ ನಮ್ಮ ಬೆಕ್ಕಿನದು.

ನರಸಾಪುರ ಇಲ್ಲಿಂದ ಒಂದು ರಾತ್ರಿಯ ರೈಲು ಪ್ರಯಾಣ, ಗೋದಾವರಿ ಸಮುದ್ರ ಸೇರುವ ಸೀಮೆ. ಅಲ್ಲಿಗೆ ಕ್ರೋಶಾ ಲೇಸು ತಂದವರು 19ನೇ ಶತಮಾನದ ಮಿಷನರಿಗಳು. ನನ್ನ ಸ್ವೆಟರಿಗೆ ಎರಡು ಕಡ್ಡಿ ಬೇಕು. ಅದಕ್ಕೆ ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿ, ಹತ್ತಿಯ ನೂಲು. ಮೊದಲು ಬಡ ಕ್ರೈಸ್ತ ಹೆಂಗಸರು ಕಲಿತರು. ಆಮೇಲೆ, ಹೊರಗೆ ಕೂಲಿಗೆ ಹೋಗಬಾರದೆಂಬ ಕಟ್ಟುಪಾಡಿದ್ದ ಕಾಪು ಮನೆತನದವರೂ ಹಿಡಿದರು. ಲೇಸು ಯುರೋಪಿಗೆ ಹೋಯಿತು. ವ್ಯಾಪಾರ ಮಾತ್ರ ಗಂಡಸರ ಕೈಗೆ ಬಂತು.

ಬಿ.ಕಾಂ. ಓದಿದವಳಲ್ಲವೇ, ನನ್ನ ಕಣ್ಣು ಹೋದದ್ದು ಕೂಲಿಯ ಲೆಕ್ಕಕ್ಕೆ. ಮನೆಗೆಲಸವನ್ನೆಲ್ಲ ಮುಗಿಸಿ ದಿನಕ್ಕೆ ಆರರಿಂದ ಎಂಟು ಗಂಟೆ ಹೆಣೆದರೂ ಅವರು ಬರೀ ಗೃಹಿಣಿಯರು, ಹೆಣಿಗೆ ಬಿಡುವಿನ ಕೆಲಸ! ಹಾಗೆಂದ ಮೇಲೆ ಕೂಲಿ ಕೇಳುವವರು ಯಾರು? ಹೊಲದಲ್ಲಿ ದುಡಿಯುವ ಹೆಂಗಸಿಗೆ ಸರ್ಕಾರ ಗೊತ್ತುಮಾಡಿದ್ದ ಕನಿಷ್ಠ ಕೂಲಿಯ ಹತ್ತಿರಕ್ಕೂ ಅವರ ದುಡಿಮೆ ಬರುತ್ತಿರಲಿಲ್ಲ. ನನ್ನ ಹೆಣಿಗೆ ನಿಜಕ್ಕೂ ಬಿಡುವಿನದು, ತಿಂಗಳ ಸಂಬಳ ಬ್ಯಾಂಕಿನಿಂದ ಬರುತ್ತದೆ.

2024ರಲ್ಲಿ ನರಸಾಪುರದ ಲೇಸಿಗೆ ಜಿ.ಐ. ಮಾನ್ಯತೆ ಸಿಕ್ಕಿತು. ಇನ್ನು ಆ ಸೀಮೆಯ ಹೊರಗೆ ಹೆಣೆದ ಲೇಸನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಹೆಣೆದವರ ಕೂಲಿ ಎಷ್ಟಿರಬೇಕೆಂದು ಜಿ.ಐ. ಕಾಯಿದೆ ಹೇಳುವುದಿಲ್ಲ.